ಶರಣಾಗತಿ ಎಂದರೆ ಕೈಚೆಲ್ಲುವುದಲ್ಲ

ಶರಣಾಗತಿ ಎಂಬ ಮಾತು ಕನ್ನಡಿಗರಾದ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ವಚನಕಾರರನ್ನು ನಾವು ಶರಣರೆಂದೇ ಕರೆಯುತ್ತೇವೆ. ಶ್ರೀವೈಷ್ಣವರ ಪ್ರಪತ್ತಿಯೂ ಹರಿದಾಸರ ದೈನ್ಯಭಾವವೂ ನಮ್ಮ ನಾಡಿನ ಮನಸ್ಸಿನಲ್ಲಿ ಬೆರೆತುಹೋಗಿವೆ. ಕ್ರೈಸ್ತ ಜೀವನದಲ್ಲಿಯೂ ಈ ಭಾವಕ್ಕೆ ಕೇಂದ್ರಸ್ಥಾನವಿದೆ. ಆದರೆ ಅದರ ಅರ್ಥವೇನು ಎಂಬುದನ್ನು ನಾವು ವಿಚಾರಿಸಿದ್ದು ಕಡಿಮೆ.

ಈ ವಿಷಯವಾಗಿ ನಮ್ಮನ್ನು ಚಿಂತನೆಗೆ ಹಚ್ಚಿದವರು ಬ್ಯಾಂಕಿನಲ್ಲಿ ನಮ್ಮ ಸಹೋದ್ಯೋಗಿಯಾಗಿದ್ದ ಕ್ರೈಸ್ತ ಮಿತ್ರರೊಬ್ಬರು. ಕೆಲವು ವರ್ಷಗಳ ಹಿಂದೆ ಅವರ ಪತ್ನಿ ಕ್ಯಾನ್ಸರಿಗೆ ತುತ್ತಾದರು. ಮಿತ್ರರು ಭವಿಷ್ಯನಿಧಿಯಿಂದ ಹಣ ತೆಗೆದರು, ಸಾಲ ಮಾಡಿದರು, ರಜೆ ಹಾಕಿ ಆಸ್ಪತ್ರೆಗೆ ಅಲೆದರು. ಒಂದು ದಿನ ನಾವು ತಿಳಿಯದೆ ಕೇಳಿಬಿಟ್ಟೆವು: “ಎಲ್ಲವನ್ನೂ ದೇವರಿಗೆ ಒಪ್ಪಿಸಿದ್ದೇನೆ ಎನ್ನುತ್ತೀರಿ, ಮತ್ತೆ ಇಷ್ಟೊಂದು ಓಡಾಟವೇಕೆ?” ಅವರು ಶಾಂತರಾಗಿ ಉತ್ತರಿಸಿದರು: “ದೇವರಿಗೆ ಒಪ್ಪಿಸಿರುವುದು ಆಕೆಯನ್ನು ಸಾರ್, ನನ್ನ ಕರ್ತವ್ಯವನ್ನಲ್ಲ.”

ಈ ಮಾತಿನ ಮೂಲ ಬೈಬಲ್ಲಿನಲ್ಲಿಯೇ ಇದೆ. ಶಿಲುಬೆಗೇರುವ ಮುನ್ನಿನ ರಾತ್ರಿ ಯೇಸುಕ್ರಿಸ್ತನು ಗೆತ್ಸೆಮನೆ ಎಂಬ ತೋಟದಲ್ಲಿ ಪ್ರಾರ್ಥಿಸಿದ ಪ್ರಸಂಗವನ್ನು ಮತ್ತಾಯ, ಮಾರ್ಕ, ಲೂಕ ಈ ಮೂವರೂ ಬರೆದಿದ್ದಾರೆ. ಆತನು ತನ್ನ ಸಂಕಟವನ್ನು ಮರೆಮಾಚಲಿಲ್ಲ. ಸಾಧ್ಯವಾದರೆ ಈ ದುಃಖದ ಪಾತ್ರೆ ತನ್ನಿಂದ ತೊಲಗಲೆಂದು ಮೊದಲು ಬೇಡಿದನು. ಅನಂತರವೇ ತನ್ನ ಇಚ್ಛೆಯನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದನು. ಆದ್ದರಿಂದ ಕ್ರೈಸ್ತ ಶರಣಾಗತಿಯಲ್ಲಿ ಬೇಡುವುದಕ್ಕೂ ಅಳುವುದಕ್ಕೂ ಎಡೆಯಿದೆ. ಬಯಕೆಯೇ ಇಲ್ಲದ ನಿರ್ವಿಕಾರ ಸ್ಥಿತಿ ಅದಲ್ಲ. ಬಯಕೆಯನ್ನು ದೇವರ ಮುಂದಿಟ್ಟು, ಕೊನೆಯ ತೀರ್ಮಾನವನ್ನು ಆತನಿಗೆ ಬಿಡುವುದೇ ಅದರ ತಿರುಳು.

ಹಾಗೆಂದು ವಿವೇಕವನ್ನು ತೊರೆಯುವುದು ಶರಣಾಗತಿಯಾಗದು. ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಎತ್ತಿಕೊಳ್ಳುವರು ಎಂದು ಸೈತಾನನು ಪ್ರೇರೇಪಿಸಿದಾಗ, ದೇವರನ್ನು ಪರೀಕ್ಷಿಸಲಾಗದೆಂದು ಯೇಸು ನಿರಾಕರಿಸಿದನು. ಔಷಧವನ್ನು ಬಿಟ್ಟು ಪ್ರಾರ್ಥನೆಯೊಂದನ್ನೇ ನೆಚ್ಚುವವರು ಈ ಪ್ರಸಂಗವನ್ನು ನೆನೆಯಬೇಕು.

ಬ್ಯಾಂಕಿನವರಾದ ನಮಗೆ ಹೆಚ್ಚು ಹತ್ತಿರವಾದುದು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ತಲಾಂತುಗಳ ಸಾಮ್ಯ. ಯಜಮಾನನೊಬ್ಬನು ಪರದೇಶಕ್ಕೆ ಹೋಗುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತುಗಳಂತೆ ಹಣವನ್ನು ಒಪ್ಪಿಸುತ್ತಾನೆ. ಇಬ್ಬರು ವ್ಯಾಪಾರ ಮಾಡಿ ಅದನ್ನು ಇಮ್ಮಡಿಗೊಳಿಸುತ್ತಾರೆ. ಮೂರನೆಯವನು ಹೆದರಿ ನೆಲದಲ್ಲಿ ಹೂಳುತ್ತಾನೆ. ಕನಿಷ್ಠಪಕ್ಷ ಬಡ್ಡಿಗಾದರೂ ಹಾಕಬಾರದಿತ್ತೇ ಎಂದು ಯಜಮಾನನು ಅವನನ್ನು ಗದರಿಸುತ್ತಾನೆ. ಹಗಲೆಲ್ಲ ಲಕ್ಷಾಂತರ ರೂಪಾಯಿ ಎಣಿಸುವ ಕ್ಯಾಷಿಯರಿಗೆ ಅದರಲ್ಲಿ ಒಂದು ರೂಪಾಯಿಯೂ ತನ್ನದಲ್ಲವೆಂದು ಗೊತ್ತು. ತನ್ನದಲ್ಲವೆಂಬ ಕಾರಣಕ್ಕೆ ಅವನು ಅಲಕ್ಷ್ಯ ಮಾಡುವುದಿಲ್ಲ; ಅದೇ ಕಾರಣಕ್ಕೆ ಎರಡು ಬಾರಿ ಎಣಿಸುತ್ತಾನೆ. ಬಾಳು ನಮ್ಮದಲ್ಲ, ನಮ್ಮ ವಶಕ್ಕೆ ಬಂದ ನಿಕ್ಷೇಪ ಎಂದು ತಿಳಿದು ದುಡಿಯುವುದೇ ಶರಣಾಗತಿ.

ಇದಕ್ಕೆ ಕಲ್ಲಿನ ಸಾಕ್ಷಿಯೊಂದು ನಮ್ಮ ನಗರದಿಂದ ಸುಮಾರು ನೂರು ಕಿಲೋಮೀಟರ್ ದೂರದ ಮೆದಕ್‌ನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಸಿಕಂದರಾಬಾದಿಗೆ ಬಂದ ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ವೆಸ್ಲಿಯನ್ ಪಾದ್ರಿ ಮುಂದೆ ಮೆದಕ್‌ನಲ್ಲಿ ನೆಲಸಿದರು. ಕ್ಷಾಮದಿಂದ ಜನ ಹಸಿದಿದ್ದಾಗ ಪಾಸ್ನೆಟ್ ಬರಿಯ ಭಿಕ್ಷೆಯನ್ನು ಹಂಚಲಿಲ್ಲ. ಕೆಲಸವನ್ನೂ ಅದಕ್ಕೆ ಪ್ರತಿಯಾಗಿ ಅನ್ನವನ್ನೂ ಕೊಟ್ಟರು. ಹೀಗೆ ಹತ್ತು ವರ್ಷ ನಡೆದ ದುಡಿಮೆಯಿಂದ ಎದ್ದ ಚರ್ಚು 1924ರ ಡಿಸೆಂಬರ್ 25ರಂದು ಪ್ರತಿಷ್ಠೆಗೊಂಡಿತು. ಅದರ ಬಣ್ಣದ ಗಾಜಿನ ಮೂರು ದೊಡ್ಡ ಕಿಟಕಿಗಳಲ್ಲಿ ಕ್ರಿಸ್ತನ ಜನನ, ಶಿಲುಬೆಯ ಮರಣ, ಸ್ವರ್ಗಾರೋಹಣಗಳನ್ನು ಚಿತ್ರಿಸಿದ್ದಾರೆ. ಪ್ರಾರ್ಥನೆಯೂ ಕಲ್ಲು ಹೊರುವ ಕೈಗಳೂ ಅಲ್ಲಿ ಬೇರೆಬೇರೆಯಾಗಿರಲಿಲ್ಲ.

ಶರಣಾಗತಿಗೆ ಇನ್ನೊಂದು ಮುಖವಿದೆ. ಅದು ಫಲದ ಮೇಲಿನ ಹಕ್ಕನ್ನು ಬಿಟ್ಟುಕೊಡುವುದು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದದ್ದು ಸುವಾರ್ತೆಯನ್ನು ಸಾರುವುದಕ್ಕೆ. ಕನ್ನಡಿಗರು ಇಂದು ಅವರನ್ನು ನೆನೆಯುವುದಾದರೋ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟಿಗಾಗಿ. ಬಿತ್ತುವವನು ಎಣಿಸಿದ ಪೈರೇ ಬೆಳೆಯಬೇಕೆಂಬ ನಿಯಮವಿಲ್ಲ. ಬಿತ್ತುವುದಷ್ಟೇ ಅವನ ಪಾಲು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ‘ದೇವರ ಚಿತ್ತ, ಸಹಿಸಿಕೊ’ ಎಂಬ ಮಾತನ್ನು ಬಲ್ಲಿದರು ಬಡವರಿಗೆ, ಗಂಡಂದಿರು ಹೆಂಡಂದಿರಿಗೆ ಹೇಳುತ್ತ ಬಂದಿರುವುದುಂಟು. ಅನ್ಯಾಯಕ್ಕೆ ತಲೆಬಾಗುವುದನ್ನು ಶರಣಾಗತಿ ಎನ್ನಲಾಗದು. ದೇವರಿಗೆ ಶರಣಾದವನು ಮನುಷ್ಯರ ದರ್ಪಕ್ಕೆ ಶರಣಾಗಬೇಕಿಲ್ಲ. ಅದು ಒಬ್ಬನು ತಾನಾಗಿ ಮಾಡುವ ಅರ್ಪಣೆ. ಇನ್ನೊಬ್ಬನಿಂದ ವಸೂಲು ಮಾಡುವ ಕಂದಾಯವಲ್ಲ.

ಈ ಅರ್ಪಣೆ ಒಮ್ಮೆ ಮಾಡಿ ಮುಗಿಸುವಂಥದೂ ಅಲ್ಲ. ಜಾನ್ ವೆಸ್ಲಿಯು 1755ರಲ್ಲಿ ಲಂಡನ್ನಿನಲ್ಲಿ ಒಡಂಬಡಿಕೆಯ ಆರಾಧನೆಯೊಂದನ್ನು ನಡೆಸಿದನು. ಮೆಥಡಿಸ್ಟ್ ಪರಂಪರೆಯಲ್ಲಿ ಇಂದಿಗೂ ಹೊಸವರ್ಷದ ಸಮಯದಲ್ಲಿ ಅದನ್ನು ನವೀಕರಿಸುವ ರೂಢಿಯಿದೆ. ದುಡಿಮೆಯೂ ಬಿಡುವೂ, ಮನ್ನಣೆಯೂ ಮರೆವೂ ಯಾವುದು ಬಂದರೂ ದೇವರ ಕೈಯಿಂದ ಸ್ವೀಕರಿಸುವೆನೆಂಬುದು ಅದರ ಸಾರ. ಮನುಷ್ಯನ ಮನಸ್ಸು ಕೊಟ್ಟದ್ದನ್ನು ಮರಳಿ ಕಿತ್ತುಕೊಳ್ಳುತ್ತಲೇ ಇರುತ್ತದೆ. ಆದ್ದರಿಂದಲೇ ವರ್ಷವರ್ಷವೂ ಈ ನವೀಕರಣ.

ನಮ್ಮ ಮಿತ್ರರ ಪತ್ನಿ ಉಳಿಯಲಿಲ್ಲ. ಹದಿನೈದು ದಿನಗಳ ನಂತರ ಅವರು ಕೆಲಸಕ್ಕೆ ಬಂದರು. ಸಾಂತ್ವನದ ಮಾತು ಹೊಳೆಯದೆ ನಾವು ಸುಮ್ಮನೆ ಪಕ್ಕದಲ್ಲಿ ಕುಳಿತೆವು. “ದೇವರ ಮೇಲೆ ಕೋಪವಿದೆ, ಅದನ್ನೂ ಅವನಿಗೇ ಹೇಳುತ್ತಿದ್ದೇನೆ” ಎಂದರು. ಅನಂತರ ಕನ್ನಡಕವನ್ನು ಒರೆಸಿಕೊಂಡು, ಕೌಂಟರಿನ ಮುಂದೆ ಪಿಂಚಣಿಗಾಗಿ ನಿಂತಿದ್ದ ವೃದ್ಧೆಯನ್ನು “ಬನ್ನಿ ಅಮ್ಮಾ” ಎಂದು ಕರೆದರು. ಶರಣಾಗತಿ ಎಂಬುದರ ಅರ್ಥವನ್ನು ನಾವು ಗ್ರಂಥಗಳಲ್ಲಿ ಓದಿದ್ದು ಆಮೇಲೆ; ಕಂಡದ್ದು ಅಂದು.