ಅವಳಿ ಬಸುರಿ: ತಾಯಿಯ ರಕ್ತದ ಕಡೆ ಗಮನವಿರಲಿ



ಸ್ಕ್ಯಾನಿಂಗ್‌ನಲ್ಲಿ ಅವಳಿ ಅಂತ ಗೊತ್ತಾದರೆ ಮನೆಯವರಿಗೆಲ್ಲ ಸಂತೋಷ. ಆದರೆ ಆ ತಾಯಿಯ ರಕ್ತಕ್ಕೆ ಎಷ್ಟು ಕೆಲಸ ಹೆಚ್ಚುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟ, ಕೊಬ್ಬರಿ, ನಾರಿನ ಕೆಲಸ ಅಂತ ದುಡಿಯುವ ನಮ್ಮ ಹೆಣ್ಣುಮಕ್ಕಳು "ಬಸುರಿಗೆ ಸುಸ್ತು ಇದ್ದದ್ದೇ" ಎಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಿರಬಾರದು.

ರಕ್ತ ಏಕೆ ತೆಳುವಾಗುತ್ತದೆ?
ಬಸುರಿನಲ್ಲಿ ರಕ್ತದ ನೀರಿನಂಶ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಅವಳಿಯಾದರೆ ಇನ್ನೂ ಜಾಸ್ತಿ. ಕೆಂಪು ಕಣಗಳು ಅಷ್ಟು ಹೆಚ್ಚುವುದಿಲ್ಲ. ಮೊಸರು ಕಡಿಮೆ, ನೀರು ಜಾಸ್ತಿ ಆದರೆ ಮಜ್ಜಿಗೆ ತೆಳುವಾಗುತ್ತದಲ್ಲ, ಹಾಗೆ. ಇದು ಸಹಜ. ಆದರೆ ಎರಡು ಕೂಸುಗಳೂ ತಾಯಿಯಿಂದಲೇ ಕಬ್ಬಿಣಾಂಶ ಪಡೆಯುವುದರಿಂದ ರಕ್ತಹೀನತೆ ಬೇಗ ಬರುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ಅಪಾಯ. ಅವಳಿ ಹೆರಿಗೆಯಲ್ಲಿ ರಕ್ತಸ್ರಾವದ ಸಂಭವವೂ ಹೆಚ್ಚು. ಆದ್ದರಿಂದ ಮೊದಲೇ ರಕ್ತ ಹೆಚ್ಚಿಸಿಕೊಳ್ಳಬೇಕು.

ಇತರ ಬದಲಾವಣೆಗಳು
* ಸಕ್ಕರೆ: ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಯ ನಂತರ ಪರೀಕ್ಷಿಸಿದಾಗ 140 ಅಥವಾ ಹೆಚ್ಚು ಬಂದರೆ ಚಿಕಿತ್ಸೆ ಬೇಕು.
* ಬಿ.ಪಿ.: ಅವಳಿ ಬಸುರಿನಲ್ಲಿ ಬಿ.ಪಿ. ಏರುವ ಸಂಭವ ಹೆಚ್ಚು. ತಲೆನೋವು, ಕಣ್ಣು ಮಂಜು, ಮುಖದ ಊತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.
* ಪಿತ್ತ: ಗುಳ್ಳೆ ಇಲ್ಲದೆ ಅಂಗೈ, ಅಂಗಾಲು ತುರಿಸಿದರೆ "ಉಷ್ಣ" ಎನ್ನಬೇಡಿ. ಪಿತ್ತದ ಆಮ್ಲ ರಕ್ತದಲ್ಲಿ ಹೆಚ್ಚಿರಬಹುದು. ಇದು ಕೂಸುಗಳಿಗೆ ಅಪಾಯ.

ಮನೆಯಲ್ಲಿ ಏನು ಮಾಡಬೇಕು?
ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕು. ಅವಳಿಗೆ ಹೆಚ್ಚು ಬೇಕೇ ಎಂದು ಡಾಕ್ಟರು ಹೇಳುತ್ತಾರೆ. ಕಾಫಿ, ಟೀ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತಗೊಳ್ಳಿ. ನಿಂಬೆಹಣ್ಣು, ನೆಲ್ಲಿಕಾಯಿ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ. ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂಬುದು ಸುಳ್ಳು. ನಮ್ಮ ತೋಟದ ಎಳನೀರು ದಾಹ ತಣಿಸುತ್ತದೆ, ಆದರೆ ರಕ್ತ ಹೆಚ್ಚಿಸುವುದಿಲ್ಲ. ಸೊಪ್ಪು, ಕಾಳು, ಮೊಟ್ಟೆ, ಮಾಂಸ ಬೇಕು.

ಸಂಘ ಏನು ಮಾಡಬಹುದು?
2022ರ ನವೆಂಬರ್‌ನಲ್ಲಿ ನಮ್ಮದೇ ತುಮಕೂರಿನಲ್ಲಿ, ತಾಯಿ ಕಾರ್ಡ್ ಇಲ್ಲವೆಂದು ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳದ ಕಾರಣ ಅವಳಿ ಬಸುರಿಯೊಬ್ಬಳು ಮನೆಯಲ್ಲೇ ಹೆತ್ತು, ತಾಯಿ ಮತ್ತು ಎರಡೂ ಶಿಶುಗಳು ತೀರಿಕೊಂಡರು. ಬೇರೆ ಊರಿಂದ ಬಂದ ಬಡ ಹೆಂಗಸು. ಅವಳ ಪರವಾಗಿ ನಿಲ್ಲಲು ಸಂಘವೊಂದು ಇದ್ದಿದ್ದರೆ? ಕಾರ್ಡ್ ಇಲ್ಲದಿದ್ದರೂ ತುರ್ತು ಚಿಕಿತ್ಸೆ ಪಡೆಯುವುದು ಪ್ರತಿ ತಾಯಿಯ ಹಕ್ಕು. ನಿಮ್ಮ ಊರಿಗೆ ಕೂಲಿಗೆ ಬಂದವರನ್ನೂ ಸೇರಿಸಿ, ಬಸುರಿಯರ ಪಟ್ಟಿ ಮಾಡಿ. ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವ ಉಚಿತ ತಪಾಸಣೆಗೆ ಜೊತೆಯಲ್ಲಿ ಒಬ್ಬರು ಹೋಗಿ. ರಕ್ತದ ಗುಂಪು, ಹಿಮೋಗ್ಲೋಬಿನ್ ಕಾರ್ಡಿನಲ್ಲಿ ಬರೆಸಿ. ತುರ್ತಿದ್ದರೆ 108ಕ್ಕೆ ಫೋನ್ ಮಾಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿ: ನಮ್ಮ ಬೀದಿಯಲ್ಲಿ ಈಗ ಬಸುರಿಯರು ಎಷ್ಟು ಮಂದಿ? ಯಾರ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನಮಗೆ ಗೊತ್ತೇ?