ಪೊಲೀಸರ ಸೊಂಟದಲ್ಲೊಂದು ರೇಡಿಯೇಷನ್ ಪೇಜರ್: ಊರು ಕಾಯೋ ಕಾನೂನು ಏನು ಮಾಡುತ್ತೆ?

ಈ ವಾರದ ಎಪಿಸೋಡ್ ಶುರುವಾಗೋದು ನಮ್ಮ ಚಿಕ್ಕಮ್ಮನಿಂದ.

ಎರಡು ವರ್ಷದ ಹಿಂದೆ ಅವರಿಗೆ ಥೈರಾಯ್ಡ್‌ಗೆ ರೇಡಿಯೋಆಕ್ಟಿವ್ ಅಯೋಡಿನ್ ಕೊಟ್ಟರು. ಮನೆಗೆ ಬಂದ ಮೇಲೂ ಸ್ವಲ್ಪ ದಿನ ಬೇರೆ ರೂಮಲ್ಲಿ ಮಲಗಿ, ಮಕ್ಕಳನ್ನ ಹತ್ತಿರ ಸೇರಿಸಬೇಡಿ ಅಂತ ಹೇಳಿ ಕಳಿಸಿದ್ರು. ಡಿಸ್ಚಾರ್ಜ್ ಪೇಪರ್ ಜೊತೆ ಒಂದು ಪತ್ರ ಇತ್ತು: ಇವರಿಗೆ ಇಂಥ ದಿನ ಇಂಥ ಔಷಧ ಕೊಟ್ಟಿದ್ದೇವೆ, ಇವರ ಮೈಯಿಂದ ಕೆಲವು ವಾರ ವಿಕಿರಣ ಬರಬಹುದು ಅಂತ. "ಇದ್ಯಾಕಮ್ಮ?" ಅಂತ ನಾನು ಕೇಳಿದ್ದಕ್ಕೆ ನರ್ಸ್, "ಫಾರಿನ್‌ಗೆ ಹೋಗೋದಿದ್ರೆ ಏರ್‌ಪೋರ್ಟಲ್ಲಿ ತೋರಿಸಿ, ಮಷಿನ್ ಕೂಗ್ಕೊಳ್ಳುತ್ತೆ" ಅಂದ್ರು. ನಮ್ಮ ಚಿಕ್ಕಮ್ಮ ಮೈಸೂರು ದಾಟಿ ಹೋಗೋದೇ ವರ್ಷಕ್ಕೊಮ್ಮೆ. ಆದ್ರೂ ಆ ಪತ್ರ ಇವತ್ತಿಗೂ ಅವರ ಪರ್ಸಲ್ಲಿದೆ.

ಆ ಮಷಿನ್ ಯಾವುದು, ಅದನ್ನ ಇಟ್ಟೋರು ಯಾರು, ಯಾವ ಕಾನೂನಿನ ಕೆಳಗೆ? ಅದನ್ನ ಹುಡುಕ್ತಾ ಹೋದಾಗ ನಾನು ಬಂದು ನಿಂತಿದ್ದು ಅಮೆರಿಕದಲ್ಲಿ. ಅಲ್ಲಿ ಅದರ ಹೆಸರು 'ಸೆಕ್ಯೂರಿಂಗ್ ದ ಸಿಟೀಸ್'. ನಗರಗಳನ್ನ ಭದ್ರ ಮಾಡೋದು ಅಂತ ಅರ್ಥ.

ಮೊದಲು ಒಂದು ಗೊಂದಲ ಬಿಡಿಸೋಣ. ಅಣುಬಾಂಬ್ ಬೇರೆ, ಡರ್ಟಿ ಬಾಂಬ್ ಬೇರೆ. ಅಣುಬಾಂಬ್‌ನಲ್ಲಿ ಪರಮಾಣು ಒಡೆದು ಶಕ್ತಿ ಬರುತ್ತೆ, ಒಂದು ಊರೇ ಹೋಗುತ್ತೆ. ಡರ್ಟಿ ಬಾಂಬ್ ಅಂದ್ರೆ ಮಾಮೂಲಿ ಸ್ಫೋಟಕದ ಜೊತೆ ವಿಕಿರಣ ವಸ್ತು ಸೇರಿಸಿ ಸುತ್ತಮುತ್ತ ಹರಡೋದು. ಅದರಲ್ಲಿ ಜನ ಸಾಯೋದು ಹೆಚ್ಚಾಗಿ ಸ್ಫೋಟದಿಂದ. ವಿಕಿರಣ ಮಾಡೋ ಹಾನಿ ಬೇರೆ ಥರ: ಬೀದಿಗೆ ಬೀದಿ ಖಾಲಿ ಮಾಡಿಸಬೇಕು, ಮಣ್ಣು ಕೆರೆದು ತೆಗೀಬೇಕು, ವಾಪಸ್ ಹೋಗೋಕೆ ಜನ ಹೆದರ್ತಾರೆ. ಅಂಥ ಬಾಂಬ್ ಇಲ್ಲಿಯವರೆಗೆ ಯಾವ ನಗರದಲ್ಲೂ ಸಿಡಿದಿಲ್ಲ. ಆದ್ರೆ 1995ರಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಒಂದು ಪಾರ್ಕಿನಲ್ಲಿ ಸೀಸಿಯಂ ಇಟ್ಟು, ಟಿವಿಯವರಿಗೆ ತಾವೇ ಸುದ್ದಿ ಕೊಟ್ಟಿದ್ರು. ಸಿಡಿಸಲಿಲ್ಲ. ಹೆದರಿಸೋಕೆ ಅಷ್ಟೇ ಸಾಕಾಗಿತ್ತು.

ಇಂಥ ವಸ್ತು ಊರಲ್ಲಿ ಹರಡಿದ್ರೆ ಏನಾಗುತ್ತೆ ಅಂತ ಜಗತ್ತಿಗೆ ಗೊತ್ತಾಗಿದ್ದು ಭಯೋತ್ಪಾದಕರಿಂದಲ್ಲ, ಗುಜರಿಯಿಂದ. 1987, ಬ್ರೆಜಿಲ್‌ನ ಗೊಯಾನಿಯಾ. ಪಾಳುಬಿದ್ದ ಕ್ಲಿನಿಕ್ಕಿಂದ ಇಬ್ಬರು ಹಳೇ ರೇಡಿಯೋಥೆರಪಿ ಮಷಿನ್ನಿನ ಭಾಗ ಬಿಚ್ಚಿಕೊಂಡು ಹೋಗಿ ಗುಜರಿಗೆ ಮಾರಿದ್ರು. ಒಳಗಿದ್ದ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೀತಿತ್ತು. ಚೆನ್ನಾಗಿದೆ ಅಂತ ನೆಂಟರಿಗೆಲ್ಲ ಹಂಚಿದ್ರು. ನಾಲ್ಕು ಜನ ಸತ್ತರು, ಅದರಲ್ಲಿ ಒಂದು 6 ವರ್ಷದ ಹುಡುಗಿ. 249 ಜನರ ಮೈಗೆ, ಮೈಯೊಳಗೆ ಸೀಸಿಯಂ ತಗುಲಿತ್ತು. ಸುಮಾರು 1,12,000 ಜನ ಪರೀಕ್ಷೆಗೆ ಸಾಲು ನಿಂತರು. ಆ ಸಂಖ್ಯೆ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಯಾರ ಮನಸ್ಸಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ, ಆದ್ರೂ ಇಷ್ಟಾಯ್ತು.

ಈಗ ಕಾನೂನಿಗೆ ಬರೋಣ. 2001ರ ಸೆಪ್ಟೆಂಬರ್ 11ರ ನಂತರ ಅಮೆರಿಕ ಮೊದಲು ಬಂದರುಗಳ ಕಡೆ ನೋಡಿತು. 2006ರ ಸೇಫ್ ಪೋರ್ಟ್ ಕಾಯ್ದೆ, 22 ದೊಡ್ಡ ಬಂದರುಗಳಿಗೆ ಬರೋ ಎಲ್ಲ ಕಂಟೇನರನ್ನೂ 2007 ಮುಗಿಯೋದರೊಳಗೆ ವಿಕಿರಣಕ್ಕಾಗಿ ಪರೀಕ್ಷಿಸಬೇಕು ಅಂತು. ಮರುವರ್ಷ ಇನ್ನೊಂದು ಕಾಯ್ದೆ ಬಂತು: ಹಡಗು ಹತ್ತೋ ಮೊದಲೇ, ವಿದೇಶದ ಬಂದರಲ್ಲೇ ಎಲ್ಲವನ್ನೂ ಸ್ಕ್ಯಾನ್ ಮಾಡಿ, 2012ರೊಳಗೆ. ಅದು ಆಗಲಿಲ್ಲ. ಗಡುವನ್ನ ಎರಡೆರಡು ವರ್ಷ ಮುಂದೆ ಹಾಕ್ತಾ ಬಂದ್ರು. ಬರೆಯೋದು ಸುಲಭ, ಬಂದರಲ್ಲಿ ಲೈನ್ ನಿಲ್ಲಿಸೋದು ಕಷ್ಟ.

ಬಂದರಲ್ಲಿ ತಪ್ಪಿಸಿಕೊಂಡು ಬಂದ್ರೆ? ಅಥವಾ ವಸ್ತು ದೇಶದೊಳಗೇ ಕಳುವಾಗಿದ್ರೆ? ಅದಕ್ಕೆ ಎರಡನೇ ಬೇಲಿ ಊರಿನ ಸುತ್ತ. 2006ರಲ್ಲಿ ನ್ಯೂಯಾರ್ಕ್ ಸುತ್ತಮುತ್ತ ಪ್ರಯೋಗ ಶುರುವಾಯ್ತು. ಆಮೇಲೆ ಲಾಸ್ ಏಂಜಲೀಸ್, ವಾಷಿಂಗ್ಟನ್, ಹ್ಯೂಸ್ಟನ್, ಶಿಕಾಗೊ ಸೇರಿದವು. ದುಡ್ಡು ಕೇಂದ್ರದ್ದು, ಕೆಲಸ ಸ್ಥಳೀಯ ಪೊಲೀಸು ಮತ್ತು ಅಗ್ನಿಶಾಮಕದವರದ್ದು. ಹಳೇ ಪೇಜರ್ ಗಾತ್ರದ ಡಿಟೆಕ್ಟರನ್ನ ಬೆಲ್ಟಿಗೆ ಸಿಕ್ಕಿಸ್ಕೊಂಡು ಮಾಮೂಲಿ ಗಸ್ತು ತಿರುಗೋದು. ಕೂಗಿದ್ರೆ ಇನ್ನೊಂದು ದೊಡ್ಡ ಉಪಕರಣ ತಂದು ಯಾವ ಐಸೋಟೋಪ್ ಅಂತ ನೋಡೋದು. ಆಗಲೂ ಗೊತ್ತಾಗದಿದ್ರೆ ಓದಿಂಗನ್ನ ವಿಜ್ಞಾನಿಗಳಿಗೆ ಕಳಿಸೋದು.

ತಮಾಷೆ ಅಂದ್ರೆ, ಇದೆಲ್ಲ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದಿದ್ದು ಬಜೆಟ್ ಮೇಲೆ. ಈ ಯೋಜನೆಗೆ ಅಂತಲೇ ಒಂದು ಕಾನೂನು ಇರಲಿಲ್ಲ. ದುಡ್ಡು ಕೊಟ್ಟರೆ ಇದೆ, ನಿಲ್ಲಿಸಿದ್ರೆ ಇಲ್ಲ. ನ್ಯೂಯಾರ್ಕ್‌ನ ಸಂಸದ ಡ್ಯಾನ್ ಡೊನೊವನ್ ಇದಕ್ಕೊಂದು ಬಿಲ್ ತಂದ್ರು, 2017ರಲ್ಲಿ ಕೆಳಮನೆ ಅದನ್ನ ಪಾಸ್ ಮಾಡ್ತು. ಕೊನೆಗೆ 2018ರ ಡಿಸೆಂಬರ್ 21ಕ್ಕೆ, ಸಾಮೂಹಿಕ ವಿನಾಶದ ಅಸ್ತ್ರಗಳನ್ನ ತಡೆಯೋ ಒಂದು ದೊಡ್ಡ ಕಾಯ್ದೆಯೊಳಗೆ ಯೋಜನೆ ಸೇರಿ ಕಾನೂನಾಯ್ತು. ಹೆಚ್ಚು ಅಪಾಯ ಇರೋ ನಗರಗಳಿಗೆ ಉಪಕರಣ ಮತ್ತು ತರಬೇತಿ ಕೊಡಬೇಕು, ಕೆಲಸ ಹೇಗೆ ನಡೀತಿದೆ ಅಂತ ಅಳೆಯಬೇಕು, ಸಂಸತ್ತಿಗೆ ಹೇಳಬೇಕು. ಆದ್ರೆ ಇದನ್ನ ನಡೆಸೋ ಕಚೇರಿಗೆ ಅದೇ ಕಾಯ್ದೆ ಐದೇ ವರ್ಷದ ಆಯಸ್ಸು ಕೊಟ್ಟಿತ್ತು. 2023ರ ಡಿಸೆಂಬರ್ ಬಂದಾಗ ಮತ್ತೆ ತಾತ್ಕಾಲಿಕ ವಿಸ್ತರಣೆಗಳ ಮೇಲೆ ದಿನ ದೂಡಬೇಕಾಯ್ತು.

ಕೆಲಸ ಮಾಡುತ್ತಾ? ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: ನಗರಗಳು ದುಡ್ಡನ್ನ ಯಾವುದಕ್ಕೆ ಖರ್ಚು ಮಾಡಿದವು ಅನ್ನೋ ಲೆಕ್ಕವನ್ನ ಕೇಂದ್ರ ಸರಿಯಾಗಿ ಇಟ್ಟಿಲ್ಲ, ಅನುದಾನ ನಿಂತ ಮೇಲೆ ಈ ವ್ಯವಸ್ಥೆ ಉಳಿಯುತ್ತೆ ಅನ್ನೋ ಖಾತ್ರಿ ಇಲ್ಲ. ಉಪಕರಣ ಹಳೇದಾಗುತ್ತೆ, ಕಲಿತವರು ರಿಟೈರ್ ಆಗ್ತಾರೆ.

ಇನ್ನೊಂದು ಕಷ್ಟ ಅಂದ್ರೆ ಡಿಟೆಕ್ಟರ್‌ಗೆ ಕಳ್ಳ ಯಾರು, ಕಾಯಿಲೆಯವರು ಯಾರು ಅಂತ ಗೊತ್ತಾಗಲ್ಲ. ಗ್ರಾನೈಟ್, ಸೆರಾಮಿಕ್ ಟೈಲ್ಸ್, ಲಾರಿ ತುಂಬ ಬಾಳೆಹಣ್ಣು, ಎಲ್ಲದರಲ್ಲೂ ಸಹಜವಾಗಿ ಅಷ್ಟಿಷ್ಟು ವಿಕಿರಣ ಇದೆ. ಎಲ್ಲಕ್ಕಿಂತ ಹೆಚ್ಚು ಸಿಕ್ಕಿಬೀಳೋ ಮನುಷ್ಯರು ನಮ್ಮ ಚಿಕ್ಕಮ್ಮನಂಥವರು. 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಒಂದು ಪತ್ರ ಬರೆದ್ರು: ಥೈರಾಯ್ಡ್‌ಗೆ ಇದೇ ಅಯೋಡಿನ್ ತಗೊಂಡಿದ್ದ ಅವರ ರೋಗಿಯನ್ನ ನ್ಯೂಯಾರ್ಕ್ ಸಬ್‌ವೇಯಲ್ಲಿ ಹಿಡಿದು, ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ರು ಅಂತ. ಆ ಡಾಕ್ಟರ್‌ಗಳ ಸಲಹೆಯೂ ಅದೇ, ರೋಗಿ ಕೈಗೆ ಒಂದು ಪತ್ರ ಕೊಡಿ. ಚಿಕ್ಕಮ್ಮನ ಪರ್ಸಲ್ಲಿರೋ ಕಾಗದಕ್ಕೆ ಇಷ್ಟು ಉದ್ದದ ಇತಿಹಾಸ ಇದೆ ಅಂತ ನನಗೆ ಗೊತ್ತಿರಲಿಲ್ಲ.

ನನ್ನ ಪ್ರಕಾರ ಬೀದಿಯಲ್ಲಿ ಹುಡುಕೋದಕ್ಕಿಂತ ಮುಖ್ಯ, ವಸ್ತು ಬೀದಿಗೇ ಬರದ ಹಾಗೆ ನೋಡ್ಕೊಳ್ಳೋದು. ಅದೇ ಲೆಕ್ಕಪರಿಶೋಧನಾ ಸಂಸ್ಥೆ 2007ರಲ್ಲಿ ಒಂದು ಸುಳ್ಳು ಕಂಪನಿ ಹುಟ್ಟುಹಾಕಿ, ವಿಕಿರಣ ವಸ್ತು ಕೊಳ್ಳೋಕೆ ಲೈಸೆನ್ಸ್‌ಗೆ ಅರ್ಜಿ ಹಾಕ್ತು. 28 ದಿನದಲ್ಲಿ ಅಸಲಿ ಲೈಸೆನ್ಸ್ ಕೈಗೆ ಬಂತು! ಆಮೇಲೆ ನಿಯಮ ಬಿಗಿ ಮಾಡಿದ್ರು. 2016ರಲ್ಲಿ ಮತ್ತೆ ಮೂರು ಕಡೆ ಪರೀಕ್ಷೆ ಮಾಡಿದಾಗ ಎರಡು ಕಡೆ ಸಿಗಲಿಲ್ಲ, ಒಂದು ಕಡೆ ಸಿಕ್ತು.

ಹಾಗಾಗಿ ನನಗೆ ಹೆಚ್ಚು ಇಷ್ಟವಾದ ಕಾನೂನು, ಯಾರೂ ಮಾತಾಡದ ಇನ್ನೊಂದು. ಆಸ್ಪತ್ರೆಗಳಲ್ಲಿ ರೋಗಿಗೆ ಕೊಡೋ ರಕ್ತವನ್ನ ಮೊದಲು ವಿಕಿರಣಕ್ಕೆ ಒಡ್ಡೋಕೆ ಸೀಸಿಯಂ ಮಷಿನ್ ಬಳಸ್ತಾರೆ. ಅದೇ ಕೆಲಸ ಎಕ್ಸ್‌ರೇ ಮಷಿನ್ ಮಾಡುತ್ತೆ, ಸ್ವಿಚ್ ಆಫ್ ಮಾಡಿದ್ರೆ ಅದರಲ್ಲಿ ಕದಿಯೋಕೆ ಏನೂ ಇರಲ್ಲ. 2018ರಲ್ಲಿ ಪಾಸಾದ ರಕ್ಷಣಾ ಕಾಯ್ದೆ, 2027ರ ಕೊನೆಯೊಳಗೆ ಆ ಸೀಸಿಯಂ ಮಷಿನ್‌ಗಳನ್ನ ಇಲ್ಲವಾಗಿಸೋ ಗುರಿ ಇಟ್ಟಿದೆ. ಬಲವಂತ ಇಲ್ಲ, ಬದಲಾಯಿಸಿದ್ರೆ ಸಹಾಯ ಇದೆ. ತೆಗೆಯೋದೂ ಹುಷಾರಾಗಿ ಆಗಬೇಕು: 2019ರ ಮೇನಲ್ಲಿ ಸಿಯಾಟಲ್‌ನ ಒಂದು ಸಂಶೋಧನಾ ಕಟ್ಟಡದಿಂದ ಇಂಥ ಮಷಿನ್ ಸಾಗಿಸೋವಾಗ ಸೀಸಿಯಂ ಸೋರಿ 13 ಜನಕ್ಕೆ ತಗುಲಿತು, ಕಟ್ಟಡ ತಿಂಗಳುಗಟ್ಟಲೆ ಮುಚ್ಚಿತ್ತು.

"ಇದೆಲ್ಲ ಅಮೆರಿಕದ ಕಥೆ, ನಮಗೇನು?" ಅಂತೀರಾ? 2010ರ ಏಪ್ರಿಲ್, ದೆಹಲಿಯ ಮಾಯಾಪುರಿ. ದೆಹಲಿ ವಿಶ್ವವಿದ್ಯಾಲಯ 1985ರಿಂದ ಮೂಲೆಯಲ್ಲಿದ್ದ ಕೋಬಾಲ್ಟ್ ಉಪಕರಣವನ್ನ ಹರಾಜು ಹಾಕಿತ್ತು. ಅದು ಗುಜರಿ ಬಜಾರಿಗೆ ಬಂದು ತುಂಡು ತುಂಡಾಯ್ತು. ಒಬ್ಬರು ಒಂದು ಚೂರನ್ನ ಪರ್ಸಲ್ಲೇ ಇಟ್ಕೊಂಡಿದ್ರು. ಒಬ್ಬ ಕೆಲಸಗಾರ ತೀರಿಕೊಂಡರು. ಗೊಯಾನಿಯಾ ಆಗಿ 23 ವರ್ಷದ ನಂತರ, ಅದೇ ಥರ.

ಅದಕ್ಕೂ ಮೊದಲು ನಮ್ಮ ಕೈಗಾ. 2009ರ ನವೆಂಬರ್‌ನಲ್ಲಿ ಸ್ಥಾವರದ ಕುಡಿಯೋ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ರು. ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ಮೈಗೆ ಅದು ಸೇರಿತು. ಬೇಕಂತಲೇ ಮಾಡಿದ್ದು ಅಂತ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಅವರೇ ಹೇಳಿದ್ರು. ಗೇಟಲ್ಲಿ ಎಷ್ಟು ಡಿಟೆಕ್ಟರ್ ಇಟ್ಟರೂ, ಒಳಗಿನವರೇ ಮಾಡಿದ್ರೆ?

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 2005ರಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆ ಬಂತು. ಮುಂಬೈ ದಾಳಿ ಆದ ಮೇಲೆ 2008ರ ಡಿಸೆಂಬರ್‌ನಲ್ಲಿ ಯುಎಪಿಎಗೆ ತಿದ್ದುಪಡಿ ಮಾಡಿ, ವಿಕಿರಣ ವಸ್ತು ಬಳಸೋದನ್ನ ಭಯೋತ್ಪಾದನೆಯ ವ್ಯಾಖ್ಯೆಗೆ ಸೇರಿಸಿದ್ರು. ಅಂಥ ವಸ್ತುವಿಗಾಗಿ ಬೆದರಿಸಿ ಬೇಡಿಕೆ ಇಟ್ಟರೂ 10 ವರ್ಷದವರೆಗೆ ಜೈಲು. ಆದ್ರೆ ಇವು ಶಿಕ್ಷೆ ಕೊಡೋ ಕಾನೂನುಗಳು. ಮಾಯಾಪುರಿಯ ಗುಜರಿಯವನಿಗೆ ಬೇಕಾಗಿದ್ದಿದ್ದು ಸೆಕ್ಷನ್ ಅಲ್ಲ, ಹರಾಜಿಗೆ ಮೊದಲು ಆ ಉಪಕರಣದ ಮೇಲೆ ಯಾರಾದ್ರೂ ಒಂದು ಮೀಟರ್ ಹಿಡಿಯೋದು.

ಕೊನೆಗೆ ಒಂದು ಕೆಲಸದ ಮಾತು. ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯ ಫ್ಯಾನ್ ಥರದ ಗುರುತು ಇರೋ ಭಾರವಾದ ಲೋಹದ ಡಬ್ಬ ಗುಜರಿಯಲ್ಲೋ ಕಸದಲ್ಲೋ ಕಂಡ್ರೆ ಮುಟ್ಟಬೇಡಿ, ರೀಲ್ಸ್‌ಗೆ ಅಂತ ಹತ್ತಿರ ಹೋಗಬೇಡಿ. ದೂರ ಸರಿದು, ಬೇರೆಯವರನ್ನೂ ಸರಿಸಿ, 112ಕ್ಕೆ ಫೋನ್ ಮಾಡಿ. ಮುಂದಿನ ವಾರ ಸಿಗೋಣ.