ಬೇಟೆ: ವಿನೋದವೊ, ಜೀವನ ವಿಧಾನವೊ?

ಕನ್ನಡ ಕಾವ್ಯ ಮತ್ತು ಶಾಸನಗಳಲ್ಲಿ ಬೇಟೆಯ ಪ್ರಸ್ತಾಪ ಹೇರಳವಾಗಿದೆ. ಅದು ಅರಸರ ಕಾಲಹರಣದ ಕ್ರೀಡೆಯೊ ಅಥವಾ ಒಂದು ಜನಸಮುದಾಯದ ಜೀವನ ವಿಧಾನವೊ ಎಂಬ ಪ್ರಶ್ನೆಯನ್ನು ಹೊರನಾಡಿನ ಸಂಶೋಧಕರು ಆಗಾಗ ಎತ್ತುವುದುಂಟು. ಎರಡು ಭಿನ್ನ ಸಂಗತಿಗಳನ್ನು ಒಂದೇ ಶಬ್ದ ಹೊತ್ತಿರುವುದೇ ಇಲ್ಲಿನ ತೊಡಕಿಗೆ ಮೂಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಶಬ್ದವನ್ನೇ ಗಮನಿಸೋಣ. ಹಳಗನ್ನಡದ ‘ಬೇಂಟೆ’ ತಮಿಳಿನ ‘ವೇಟ್ಟೈ’ಗೆ ಜ್ಞಾತಿಪದ, ‘ಬೇಡ’ನು ‘ವೇಡನ್’ಗೆ ಸಂವಾದಿ. ದ್ರಾವಿಡದ ಪದಾದಿ ವಕಾರ ಕನ್ನಡದಲ್ಲಿ ಬಕಾರವಾಗುವುದು ಸರ್ವವಿದಿತ. ಕ್ರಿಯೆಯ ಹೆಸರೂ ಕುಲದ ಹೆಸರೂ ಒಂದೇ ಬೇರಿನಿಂದ ಬಂದಿವೆ. ಆದರೆ ಅರಸನು ಎಷ್ಟು ಬೇಟೆಯಾಡಿದರೂ ಬೇಡನೆನಿಸಿಕೊಳ್ಳುವುದಿಲ್ಲ. ಈ ಅಂತರವನ್ನು ಮರೆಯದೆ ಆಕರಗಳನ್ನು ಓದಬೇಕು.

ಅರಮನೆಯ ದೃಷ್ಟಿಗೆ ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೇ ಉತ್ತಮ ಸಾಕ್ಷಿ. 12ನೆಯ ಶತಮಾನದ ಈ ಸಂಸ್ಕೃತ ಗ್ರಂಥವು ಬೇಟೆಯನ್ನು ನೇರವಾಗಿ ವಿನೋದಗಳ ಪ್ರಕರಣದಲ್ಲಿಯೇ ಇರಿಸಿದೆ. ನಾಯಿಗಳಿಗೂ ಮೀನು ಹಿಡಿಯುವುದಕ್ಕೂ ಅಲ್ಲಿ ಪ್ರತ್ಯೇಕ ಸ್ಥಾನವಿದೆ. ಇದೇ ವಿನೋದವನ್ನು ನೀತಿಕಾರರು ಸಪ್ತವ್ಯಸನಗಳಲ್ಲಿಯೂ ಎಣಿಸಿದ್ದಾರೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಬೇಟೆಗೆ ಹೊರಟ ಯಶೋಮತಿ ಸುದತ್ತ ಮುನಿಯ ಮೇಲೆ ನಾಯಿಗಳನ್ನು ಬಿಡುವ ಪ್ರಸಂಗವಿದೆ. ಜೈನ ಕವಿಗೆ ಅರಸನ ಬೇಟೆ ಎಂದರೆ ಅಗತ್ಯವಿಲ್ಲದ ಹಿಂಸೆ. ಹೊಗಳಿದವರಿಗೂ ತೆಗಳಿದವರಿಗೂ ಅದು ಬಿಟ್ಟರೂ ನಡೆಯುವ ಚಟುವಟಿಕೆಯೇ ಆಗಿತ್ತೆಂಬುದು ಗಮನಾರ್ಹ.

ಆತಕೂರಿನ ಶಾಸನ ಈ ಎರಡು ಅರ್ಥಗಳ ನಡುವೆ ನಿಲ್ಲುತ್ತದೆ. ಚೆನ್ನೈನ ಉತ್ತರದಂಚಿನ ಮಾಧವರಂನಂಥ ಕಡೆ ಕುಳಿತು ಕನ್ನಡ ಓದುವವರಿಗೆ ಇದರ ಹಿನ್ನೆಲೆ ದೂರದ್ದಲ್ಲ. ಅಲ್ಲಿಂದ ಪಶ್ಚಿಮಕ್ಕಿರುವ ತಕ್ಕೋಲದಲ್ಲಿ 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ತನ್ನ ಸೇವಕ ಮಣಲೆರನ ಶೌರ್ಯಕ್ಕೆ ಮೆಚ್ಚಿ ವರ ಬೇಡೆಂದಾಗ, ಮಣಲೆರನು ಭೂಮಿಯನ್ನಾಗಲಿ ಹೊನ್ನನ್ನಾಗಲಿ ಕೇಳದೆ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಗಲುವುದೆಂಬ ಕಟ್ಟಳೆಯೂ ಇದೆ. ಬೇಟೆ ಇಲ್ಲಿ ಹೊಟ್ಟೆಪಾಡಲ್ಲ. ಆದರೆ ಕೇವಲ ಆಟವೂ ಅಲ್ಲ. ಯುದ್ಧದ ಮಾನವನ್ನೇ ಅದಕ್ಕೂ ಸಲ್ಲಿಸಲಾಗಿದೆ.

ಬೇಡನ ಪಕ್ಷದಿಂದ ಮಾತನಾಡುವ ಕೃತಿ ಹರಿಹರನ ‘ಕಣ್ಣಪ್ಪನ ರಗಳೆ’. ಕಾಳಹಸ್ತಿಯ ಈ ಭಕ್ತನ ಕಥೆ ತಮಿಳಿನ ‘ಪೆರಿಯಪುರಾಣ’ದಲ್ಲಿಯೂ ಇದೆ, ಕನ್ನಡದಲ್ಲಿ ಅದು 1954ರ ‘ಬೇಡರ ಕಣ್ಣಪ್ಪ’ ಚಲನಚಿತ್ರದವರೆಗೆ ಬೆಳೆಯಿತು. ಕಣ್ಣಪ್ಪನು ದೇವರಿಗೆ ಮಾಂಸವನ್ನು ಒಪ್ಪಿಸುವುದು ತನಗೆ ಬೇರೆ ಅನ್ನವಿಲ್ಲದ ಕಾರಣ. ತಾನು ಉಣ್ಣುವುದನ್ನೇ ಉಣಿಸುವವನ ಬೇಟೆಯನ್ನು ವ್ಯಸನವೆನ್ನಲು ಬಾರದು.

ಈ ಭೇದವನ್ನು ಅರಿಯದ ಆಡಳಿತದಿಂದ ಏನಾಗುತ್ತದೆಂಬುದಕ್ಕೆ ಹಲಗಲಿ ನಿದರ್ಶನ. 1857ರಲ್ಲಿ ಬ್ರಿಟಿಷ್ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞಾಪಿಸಿದಾಗ, ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ನಿರಾಕರಿಸಿದರು. ಬೇಟೆಯೂ ಸೈನಿಕ ವೃತ್ತಿಯೂ ಆ ಆಯುಧವನ್ನೇ ಅವಲಂಬಿಸಿದ್ದವು. ನವೆಂಬರಿನಲ್ಲಿ ಸೇನೆ ಊರಿಗೆ ಬೆಂಕಿಯಿಟ್ಟಿತು; ಮುಂದಿನ ತಿಂಗಳು 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ವಿನೋದದ ಸಾಧನವನ್ನು ಕಸಿದುಕೊಂಡಿದ್ದರೆ ಇಂಥ ಲಾವಣಿ ಹುಟ್ಟುತ್ತಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಉದ್ದೇಶ ಬೇರೆ. ಪ್ರಾಣಿಸಂಕುಲ ಕ್ಷೀಣಿಸುತ್ತಿರುವಾಗ ಅದರ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಬೇಟೆಯೇ ಬದುಕಾಗಿದ್ದವರಿಗೆ ಪರ್ಯಾಯವೇನೆಂಬ ಪ್ರಶ್ನೆ ಅದರಿಂದ ತೀರಲಿಲ್ಲ. ಇದಕ್ಕೆ ಒಂದು ಉತ್ತರ ಚೆನ್ನೈ ಪರಿಸರದಲ್ಲಿಯೇ ದೊರೆಯಿತು. ಹಾವಿನ ಚರ್ಮದ ವ್ಯಾಪಾರ ನಿಂತಾಗ ಕಂಗೆಟ್ಟ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿದರು. ವಡನೆಮ್ಮೇಲಿಯಲ್ಲಿ ಹಾವುಗಳಿಂದ ವಿಷ ತೆಗೆದು, ಅವುಗಳನ್ನು ಮರಳಿ ಬಿಡುತ್ತಾರೆ. ಆ ವಿಷದಿಂದ ಹಾವು ಕಡಿತದ ಮದ್ದು ತಯಾರಾಗುತ್ತದೆ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಕೊಲ್ಲುವುದು ನಿಂತರೂ ಜಾಡು ಹಿಡಿಯುವ, ಬಿಲ ಗುರುತಿಸುವ ಅರಿವು ಉಳಿಯಿತು. ಜೀವನ ವಿಧಾನದ ತಿರುಳು ಕೊಲೆಯಲ್ಲಿರದೆ ಆ ಅರಿವಿನಲ್ಲಿದೆ ಎಂಬುದು ಇದರಿಂದ ಸ್ಪಷ್ಟ.

ಆದ್ದರಿಂದ ಯಾವುದೇ ಆಕರದಲ್ಲಿ ‘ಬೇಟೆ’ ಎಂಬ ಶಬ್ದ ಎದುರಾದಾಗ ಸಂಶೋಧಕರು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಲೇಸು: ಹೋದವರು ಯಾರು, ತಂದದ್ದು ಯಾರ ಊಟಕ್ಕೆ, ನಿಂತುಹೋದರೆ ಕಳೆದುಕೊಳ್ಳುವವರು ಯಾರು? ಮೂರನೆಯದಕ್ಕೆ ಉತ್ತರ ‘ಯಾರೂ ಇಲ್ಲ’ ಎಂದಾದಲ್ಲಿ ಮಾತ್ರ ಅದನ್ನು ವಿನೋದವೆಂದು ಕರೆಯಬಹುದು.